ಮಂಕಿ ಟೋಪಿಯ ಉಣ್ಣೆ

ಆ ಪ್ರವಾಸದಲ್ಲಿ ನನಗೆ ಒಂದು ಮೀನೂ ಸಿಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಕೊನೆಯವರೆಗೂ ಮೀನಿಗಾಗಿ ಕಾದು ಕೂತವರು ನನ್ನನ್ನು ಬೈದುಕೊಳ್ಳುತ್ತಾರೆ. ಕೊಡಗಿನ ಹೊಳೆಗಳಲ್ಲಿ ಮೊಣಕಾಲುದ್ದ ನೀರಿಗಿಳಿದು ನಾನು ಹಿಡಿದದ್ದು ಎರಡು ಮರದ ಕೊಂಬೆ, ಒಂದು ಬೇಲಿ, ಮತ್ತು ಒಮ್ಮೆ ನನ್ನ ಗೆಳತಿಯ ತೋಳು. ನನಗೆ ಹೇಳಬೇಕಿರುವುದು ಹೊರಡುವ ಮುಂಚಿನ ತಯಾರಿಯ ಬಗ್ಗೆ.

ನಾನು ಹುಣಸೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕೊಟ್ಟ ಮನೆ ಹಂಪಾಪುರದ ಕಡೆ. ತವರು ರಾವಂದೂರು ದಾಟಿ ಮುಂದೆ, ಕಾವೇರಿ ದಡದ ಒಂದು ಹಳ್ಳಿ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯವಳು ಕೊಡಗಿನವಳು, ಇಂಗ್ಲಿಷ್ ಟೀಚರ್. ಅವಳಿಗೆ ಫ್ಲೈ ಫಿಶಿಂಗ್ ಎಂಬ ಹುಚ್ಚು ಅಪ್ಪನಿಂದ ಬಂದಿತ್ತು. ಎರೆಹುಳ ಇಲ್ಲ, ಹಿಟ್ಟಿನ ಉಂಡೆ ಇಲ್ಲ. ಸಣ್ಣ ಕೊಕ್ಕೆಗೆ ಗರಿ, ಉಣ್ಣೆ, ನೂಲು ಸುತ್ತಿ ಹುಳದ ಹಾಗೆ ಕಾಣುವ ಒಂದು ಸುಳ್ಳನ್ನು ಕಟ್ಟಬೇಕು. ಅದನ್ನು ಚಾಟಿ ಬೀಸಿದಂತೆ ಬೀಸಿ ನೀರಿನ ಮೇಲೆ ಮೆಲ್ಲಗೆ ಇಳಿಸಬೇಕು. ಸಿಕ್ಕ ಮೀನನ್ನು ಒಂದು ಗಳಿಗೆ ನೋಡಿ ವಾಪಸ್ ನೀರಿಗೆ ಬಿಡಬೇಕು. ದಸರಾ ರಜೆಯಲ್ಲಿ ತನ್ನ ಕಾರಿನಲ್ಲಿ ಹೋಗೋಣ, ಪಿರಿಯಾಪಟ್ಟಣ ದಾಟಿದರೆ ಆಯಿತು, ಆಮೇಲೆ ಹೊಳೆ ಸಿಕ್ಕ ಕಡೆ ನಿಲ್ಲೋಣ ಅಂದಳು. ಸಾರಿಗೆ ಬಾರದ ಮೀನಿಗೆ ಇಷ್ಟೆಲ್ಲ ಶೃಂಗಾರವೇ ಎಂದು ನಕ್ಕೆ. ಆದರೂ ಒಪ್ಪಿಕೊಂಡೆ. ಒಪ್ಪಿದ್ದು ಆಸೆಯಿಂದಲ್ಲ, ಸಿಟ್ಟಿನಿಂದ. ಹೊಳೆ ಕಂಡರೆ ಹೆದರಿ ಹೆದರಿ ನನಗೆ ಸಾಕಾಗಿತ್ತು.

ನನ್ನ ತಮ್ಮ ಹೊಳೆಗೆ ಹೋದವನು ಮನೆಗೆ ಬರಲಿಲ್ಲ. ಅವನಿಗೆ ಹೆಣ್ಣು ನೋಡುತ್ತಿದ್ದ ಕಾಲ ಅದು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಂಕಿ ಕಾದು ಮುಗಿಸಿ, ಬೆಳಿಗ್ಗೆ ಮೈತೊಳೆದುಕೊಂಡು ಬರುತ್ತೇನೆ ಎಂದು ಹೋದ. ಮಳೆಗಾಲದ ಚಳಿ ಬೇರೆ. ಹೊಳೆಯ ಮೆಟ್ಟಿಲ ಮೇಲೆ ಅವನ ಚಪ್ಪಲಿ ಸಿಕ್ಕವು, ಚಪ್ಪಲಿಯ ಮೇಲೆ ಮಡಿಸಿಟ್ಟ ಕೆಂಪು ಉಣ್ಣೆಯ ಮಂಕಿ ಟೋಪಿ ಸಿಕ್ಕಿತು. ಅವನು ಸಿಗಲಿಲ್ಲ. ಚುಂಚನಕಟ್ಟೆಯವರೆಗೆ ಹುಡುಕಿದರು, ಕೆ.ಆರ್. ನಗರದ ಸೇತುವೆಯ ಕೆಳಗೆ ಹುಡುಕಿದರು, ಅಣೆಕಟ್ಟೆಯ ಹಿನ್ನೀರಿನಲ್ಲೂ ಕೇಳಿಸಿದರು. ಹೊಳೆ ಏನನ್ನೂ ಕೊಡಲಿಲ್ಲ.

ನಮ್ಮ ಮನೆಯ ಜಗಳ ಶುರುವಾದದ್ದು ಅಲ್ಲಿಂದ. ಪಿತೃಪಕ್ಷದಲ್ಲಿ ನಮ್ಮ ಕಡೆ ಸತ್ತವರಿಗೆ ಎಡೆ ಇಡುತ್ತಾರೆ. ಅವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಅಡುಗೆ ಮಾಡಿ, ಬಾಳೆ ಎಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಒಳಗೆ ಅವರು ಉಣ್ಣುತ್ತಾರೆ. ತಮ್ಮನಿಗೂ ಒಂದು ಎಲೆ ಹಾಕೋಣ ಎಂದು ಅಪ್ಪ ಪ್ರತಿ ವರ್ಷ ಕೇಳುತ್ತಿದ್ದರು.

"ಅಸ್ಕಂಡು ಅಲೀತಾ ಇರ್ತಾನೆ ಕಣೆ. ಒಂದೆಲೆ ಆಕಿದ್ರೆ ನಿಂದೇನು ಓಯ್ತದೆ?" ಅನ್ನುತ್ತಿದ್ದರು.

"ಎಣ ಕಣ್ಣಲ್ಲಿ ನೋಡ್ದೆ ಎಡೆ ಇಕ್ಕಾಕಿಲ್ಲ. ಬದುಕಿದ್ರೆ? ನಾನೇ ನನ್ ಮಗನ ಸಾಯಿಸ್ದಂಗೆ ಆಯ್ತದೆ," ಅನ್ನುತ್ತಿದ್ದಳು ಅವ್ವ.

ಇಬ್ಬರ ಮಾತೂ ಸರಿಯಾಗಿತ್ತು. ಅದಕ್ಕೇ ಆ ಜಗಳ ಮುಗಿಯಲಿಲ್ಲ. ಅವ್ವ ಊರದೇವತೆ ಅಮ್ಮನ ಗುಡಿಗೆ ಹೋಗಿ ಹೂ ಕೇಳಿಸುತ್ತಿದ್ದಳು. ಪೂಜಾರಿ ವಿಗ್ರಹದ ಮೈಗೆ ನೀರಿನಲ್ಲಿ ಅದ್ದಿದ ಹೂಗಳನ್ನು ಅಂಟಿಸುತ್ತಾನೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಅವ್ವ ಕೇಳಿದಾಗ ಹೂ ಯಾವ ಕಡೆಗೂ ಬೀಳುತ್ತಿರಲಿಲ್ಲ. ಮಧ್ಯಾಹ್ನದವರೆಗೆ ಕೂತು, ಹೂ ಅಲ್ಲೇ ಒಣಗಿದ್ದನ್ನು ನೋಡಿ ಎದ್ದು ಬರುತ್ತಿದ್ದಳು.

ಇನ್ನೊಂದು ವಿಷಯವನ್ನು ಹೇಳಬೇಕು, ಹೇಳುವುದಕ್ಕೆ ನಾಚಿಕೆಯಾಗುತ್ತದೆ. ನಮ್ಮ ಹಿತ್ತಿಲ ಬಾಗಿಲ ಹೊರಗೆ ಒಂದು ನೀರಿನ ತೊಟ್ಟಿ, ಅದರ ಅಂಚಿನಲ್ಲಿ ಒಂದು ಚೊಂಬು ಇದೆ. ಹೊಲದಿಂದ ಬಂದವರು ಅಲ್ಲಿ ಕಾಲು ತೊಳೆದೇ ಒಳಗೆ ಬರಬೇಕು. ತಮ್ಮ ಹೋದಂದಿನಿಂದ ಆ ಬಾಗಿಲಿಗೆ ಅಗುಳಿ ಹಾಕಲು ಅವ್ವ ಯಾರಿಗೂ ಬಿಟ್ಟಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಚೊಂಬು ನೀರಿನಲ್ಲಿ ಮುಳುಗಿದ ಸದ್ದಾಗುತ್ತಿತ್ತು. ನೀರು ಕಾಲ ಮೇಲೆ ಬಿದ್ದ ಸದ್ದು, ಒಂದು ಪಾದವನ್ನು ಇನ್ನೊಂದರಿಂದ ಉಜ್ಜಿದ ಸದ್ದು. ಆಮೇಲೆ ಏನೂ ಇಲ್ಲ. ಅವ್ವ ಎದ್ದು ಹೋಗಿ ನೋಡುತ್ತಿದ್ದಳು. ಕಾಲು ತೊಳೆಯುವ ಕಲ್ಲು ಒದ್ದೆಯಾಗಿರುತ್ತಿತ್ತು. ನಲ್ಲಿ ಸೋರುತ್ತಿದೆ ಅಂದೆ ನಾನು. ಅಪ್ಪ ಪೇಟೆಯಿಂದ ಹೊಸ ನಲ್ಲಿ ತಂದು ಹಾಕಿಸಿದರು. ಸದ್ದು ನಿಲ್ಲಲಿಲ್ಲ. ಬೆಕ್ಕಿರಬೇಕು ಅಂದೆ. ಬೆಕ್ಕು ಕಾಲು ತೊಳೆಯುತ್ತದೆಯೇ ಎಂದು ಯಾರೂ ನನ್ನನ್ನು ಕೇಳಲಿಲ್ಲ.

ಬೀಸುವುದನ್ನು ಕಲಿಯಲು ನಾನು ತವರಿಗೇ ಬರಬೇಕಾಯಿತು. ಹಂಪಾಪುರದ ನಮ್ಮ ಬೀದಿಯಲ್ಲಿ ಕೋಲು ಬೀಸುತ್ತಾ ನಿಂತರೆ ಟೀಚರಮ್ಮನಿಗೆ ತಲೆ ಕೆಟ್ಟಿತು ಎಂದು ಸುದ್ದಿ ಹಬ್ಬುವುದಕ್ಕೆ ಹೆಚ್ಚು ಹೊತ್ತು ಬೇಕಿರಲಿಲ್ಲ. ತವರಿನಲ್ಲಿ ಎಲೆ ಮುರಿದು ಬೋಳಾದ ಹೊಗೆಸೊಪ್ಪಿನ ಹೊಲ ಮನೆಯ ಹಿಂದೆಯೇ ಇತ್ತು. ಗೆಳತಿ ತನ್ನ ಹಳೆಯ ಗಾಳದ ರಾಡು, ದಾರ ಸುತ್ತುವ ರೀಲು, ಹಳದಿ ದಾರವನ್ನು ಕೊಟ್ಟು ಕಳಿಸಿದ್ದಳು. ಕಲಿಯುವವರು ಕೊಕ್ಕೆ ಕಟ್ಟಬಾರದಂತೆ, ಕಣ್ಣು ಕಿವಿ ಹರಿದುಕೊಳ್ಳುತ್ತಾರಂತೆ. ದಾರದ ತುದಿಗೆ ಒಂದು ಚೂರು ಉಣ್ಣೆ ಕಟ್ಟಿಕೊಂಡರೆ ಸಾಕು, ಬಿದ್ದ ಜಾಗ ಕಾಣುತ್ತದೆ ಅಂದಿದ್ದಳು. ಅವಳು ಇನ್ನೊಂದು ಮಾತನ್ನೂ ಹೇಳಿದ್ದಳು. ದಾರವನ್ನು ಹಿಂದಕ್ಕೆ ಬೀಸಿದ ಮೇಲೆ ಅದು ಪೂರ್ತಿ ಬಿಚ್ಚಿಕೊಳ್ಳುವವರೆಗೂ ಕಾಯಬೇಕು. ಅವಸರಪಟ್ಟು ಮುಂದಕ್ಕೆ ತಂದರೆ ಎಲ್ಲ ಗಂಟಾಗುತ್ತದೆ.

ನನಗೆ ಎಲ್ಲವೂ ಗಂಟಾಯಿತು. ಅವ್ವ ಹಿತ್ತಿಲ ಬಾಗಿಲಲ್ಲಿ ಕೂತು ಕನಕಾಂಬರ ಕಟ್ಟುತ್ತಾ ನೋಡುತ್ತಿದ್ದಳು.

"ಮೀನ್ ಇಡ್ಕಂಡು ವಾಪಸ್ ಬುಡಾದಾ?" ಅಂದಳು.

"ಹೂಂ ಕಣವ್ವ."

"ಮತ್ತೆ ಇಡ್ಯಾದ್ಯಾಕೆ?"

"ನೋಡಕ್ಕೆ. ಒಂದ್ಸಲ ನೋಡಿ ಬಿಟ್ಬಿಡದು."

"ನೀರೊಳ್ಗೆ ಏನದೆ ಅಂತ ನೋಡಾದು ಅನ್ನು," ಅಂದು ಹೂವಿಗೆ ತಿರುಗಿದಳು. ಸ್ವಲ್ಪ ಹೊತ್ತಿಗೆ ಮತ್ತೆ, "ಕಾಯಾದು ನಿಂಗೆ ಬರಾಕಿಲ್ಲ ಮಗ. ಇಂದಕ್ಕೆ ಓಗಿದ್ದು ತಿರುಗ್ಕಂಡು ಬರಾಗಂಟ ಕಾದ್ಕಂಡಿರ್ಬೇಕು," ಅಂದಳು. ಅವಳು ದಾರವನ್ನು ಕುರಿತೇ ಹೇಳಿದ್ದಳು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮುಂದಿನ ಶನಿವಾರ ನಾನು ಬಂದಾಗ ಉಣ್ಣೆಯ ಚೂರು ಸಿದ್ಧವಾಗಿತ್ತು. ದಾರದ ತುದಿಗೆ ಹೂ ಕಟ್ಟುವ ಗಂಟಿನಲ್ಲೇ ಬಿಗಿದು, ಅಂಚನ್ನು ಬಾಚಿ, ಕನಕಾಂಬರದ ಮೊಗ್ಗಿನಷ್ಟು ಚೆಂದ ಮಾಡಿದ್ದಳು. ಕೆಂಪು ಉಣ್ಣೆ. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಅವ್ವನ ಟ್ರಂಕು ತೆರೆದೇ ಇತ್ತು, ಒಳಗಿದ್ದ ಮಂಕಿ ಟೋಪಿಯ ಕಿವಿಯ ಕಡೆ ಒಂದು ಎಳೆ ಬಿಚ್ಚಿತ್ತು.

"ಇದೇನವ್ವ ಮಾಡ್ದೆ!" ಎಂದು ಕೂಗಿದೆ. ಆ ಟೋಪಿಯನ್ನು ಅವಳು ಇಷ್ಟು ವರ್ಷ ನಮಗೆ ಮುಟ್ಟಲೂ ಬಿಟ್ಟಿರಲಿಲ್ಲ.

"ಅಮ್ಮ ಊ ಕೊಡ್ನಿಲ್ಲ. ಒಳೆನಾದ್ರೂ ಕೇಳುವ," ಅಂದಳು ಅವ್ವ, ಅಕ್ಕಿ ಆರಿಸುವಷ್ಟು ಶಾಂತವಾಗಿ. "ಅವನ್ ಟೋಪಿ ಅವನ್ಗೆ ಗೊತ್ತಾಯ್ತದೆ. ನೀರಲ್ಲಿದ್ರೆ ಇಡ್ಕತಾನೆ. ಇಲ್ದಿದ್ರೆ ಇಲ್ಲ. ಇಡ್ಕಂಡ್ರೆ ಈ ಸಲ ಎಡೆ ಇಕ್ತೀನಿ. ನಿಮ್ಮಪ್ಪನ್ಗೂ ಏಳಿವ್ನಿ."

"ಅದ್ರಲ್ಲಿ ಕೊಕ್ಕೆನೇ ಇಲ್ವಲ್ಲವ್ವ. ಯಾವ ಮೀನೂ ಹಿಡ್ಕೊಳಲ್ಲ."

"ಊವಿಗೆ ಕೊಕ್ಕೆ ಇರ್ತದಾ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೊಕ್ಕೆಯಿಲ್ಲದ ಉಣ್ಣೆಗೆ ಏನೂ ಸಿಕ್ಕುವುದಿಲ್ಲ. ಸಿಕ್ಕದಿದ್ದರೆ ಅವನು ಬದುಕಿದ್ದಾನೆ ಎಂದಾಗುತ್ತದೆ, ಅವ್ವ ಸಾಯುವವರೆಗೂ ಆ ಬಾಗಿಲು ತೆರೆದೇ ಇರುತ್ತದೆ. ಸುಮ್ಮನೆ ದಾರ ಜಗ್ಗಿ, ಹಿಡಿಯಿತು ಎಂದು ಸುಳ್ಳು ಹೇಳಿಬಿಡಲೇ ಎಂದೂ ಯೋಚಿಸಿದೆ. ಆದರೆ ಅವ್ವನ ಕಣ್ಣೆದುರು ಸುಳ್ಳು ಹೇಳಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಪಿತೃಪಕ್ಷದ ಅಮಾವಾಸ್ಯೆಯ ಹಿಂದಿನ ದಿನ ಇಬ್ಬರೂ ಹೊಳೆಗೆ ಹೋದೆವು. ಹೊತ್ತು ಇಳಿದ ಮೇಲೆ ಹೋಗೋಣ ಅಂದೆ, ಅವ್ವ ಕೇಳಲಿಲ್ಲ. ಮಟಮಟ ಮಧ್ಯಾಹ್ನ ಹೊಳೆಯ ಹತ್ತಿರ ಹೋಗಬಾರದು ಎಂದು ಚಿಕ್ಕಂದಿನಲ್ಲಿ ನಮಗೆ ಕಲಿಸಿದವಳೇ ಅವಳು. ಹೋಗಬಾರದ ಹೊತ್ತು ಅಂತಲೇ ಆರಿಸಿಕೊಂಡಳು ಎಂದು ಆಮೇಲೆ ಅರ್ಥವಾಯಿತು. ಹೊಳೆಯ ದಾರಿ ತುಂಬ ಬಿಸಿಲು, ಒಬ್ಬರ ನೆರಳೂ ಇಲ್ಲ. ತಮ್ಮ ಹೋದ ಮೇಲೆ ನಾವಿಬ್ಬರೂ ಆ ಮೆಟ್ಟಿಲು ತುಳಿದಿರಲಿಲ್ಲ. ಮೂರನೇ ಮೆಟ್ಟಿಲಿನವರೆಗೆ ನೀರು ಬಂದಿತ್ತು. ನಡುವೆ ಹೊಳೆ ಜೋರಾಗಿ ಹೋಗುತ್ತಿತ್ತು, ದಡದ ಕಡೆ ಕೆಂಪಗೆ, ಸದ್ದಿಲ್ಲದೆ ನಿಂತಿತ್ತು. ಹಕ್ಕಿಯ ಸದ್ದೂ ಇರಲಿಲ್ಲ.

ಅವ್ವನನ್ನು ಪಕ್ಕಕ್ಕೆ ನಿಲ್ಲಿಸಿದೆ. ಮೊದಲ ಸಲ ದಾರ ನನ್ನ ಕಾಲಿಗೇ ಸುತ್ತಿಕೊಂಡಿತು. ಎರಡನೆಯದು ಮೆಟ್ಟಿಲ ಪಕ್ಕದ ಪೊದೆಗೆ ಬಿತ್ತು. "ಕಾಯಿ," ಅಂದಳು ಅವ್ವ. ಹಿಂದಕ್ಕೆ ಬೀಸಿ ಕಾದೆ. ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಂಡಿತು. ಮುಂದಕ್ಕೆ ತಂದೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಮತ್ತೆ ಬೀಸಿಲ್ಲ. ಕೆಂಪು ಉಣ್ಣೆ ನೀರಿನ ಮೇಲೆ ಹೂವಿನಂತೆ ಕೂತಿತು.

ಅದು ಹೊಳೆ ಹೋಗುವ ಕಡೆ ಹೋಗಲಿಲ್ಲ. ಮೆಲ್ಲಗೆ ಮೇಲಕ್ಕೆ ಹೊರಟಿತು. ಸುಳಿ ಇದ್ದ ಕಡೆ ನೀರು ಹಾಗೆ ಹಿಂದಕ್ಕೆ ತಿರುಗುತ್ತದೆ, ಇದನ್ನು ನಾನು ಮಕ್ಕಳಿಗೂ ಹೇಳಿಕೊಟ್ಟೇನು. ಆಮೇಲೆ ಮುಳುಗಿತು. ಉಣ್ಣೆ ನೆನೆದರೆ ಮುಳುಗುತ್ತದೆ. ಆಮೇಲೆ ದಾರ ನೆಟ್ಟಗಾಯಿತು. ಅದಕ್ಕೆ ನನ್ನ ಹತ್ತಿರ ಪಾಠ ಇಲ್ಲ.

ಮೀನು ಜಗ್ಗುತ್ತದೆ, ಒದ್ದಾಡುತ್ತದೆ ಎಂದು ಗೆಳತಿ ಹೇಳಿದ್ದಳು. ಇದು ಒದ್ದಾಡಲಿಲ್ಲ. ಸೆರಗು ಹಿಡಿದು ನಿಂತ ಮಗುವಿನ ಹಾಗೆ, ಹಿಡಿದುಕೊಂಡು ಸುಮ್ಮನೆ ಇತ್ತು. ನಾನು ಎಳೆದರೆ ಅದೂ ಎಳೆಯಿತು, ಬಿಟ್ಟರೆ ಅದೂ ಬಿಟ್ಟಿತು. ರೀಲಿನಿಂದ ದಾರ ಚೂರು ಚೂರೇ ಹೋಗತೊಡಗಿತು. ಭಯದಿಂದ ನನಗೆ ಅಳು ಬಂತು.

"ಎಳೀಬ್ಯಾಡ ಕಣವ್ವ," ಅಂದಳು ಅವ್ವ. ಬಂದು ನನ್ನ ಕೈಯ ಮುಂದೆ ದಾರವನ್ನು ತನ್ನ ಎರಡು ಬೆರಳಲ್ಲಿ ಹಿಡಿದಳು. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ಗೊತ್ತಿಲ್ಲ. ಅವಳ ತುಟಿ ಅಲುಗುತ್ತಿತ್ತು, ನನಗೆ ಏನೂ ಕೇಳಿಸಲಿಲ್ಲ. ಆಮೇಲೆ ದಾರ ಸಡಿಲವಾಯಿತು.

ಸುತ್ತಿ ನೋಡಿದರೆ ತುದಿ ಬೋಳು. ಹರಿದಿರಲಿಲ್ಲ. ಅವ್ವನ ಹೂವಿನ ಗಂಟು ಜಾರುವಂಥದ್ದಲ್ಲ, ಬಿಚ್ಚಬೇಕಾದರೆ ಉಗುರು ಬೇಕು. ಗಂಟು ಇದ್ದ ಕಡೆ ದಾರ ಇನ್ನೂ ಸುರುಳಿಯಾಗಿತ್ತು.

"ದೊಡ್ಡ ಬಾಳೆಮೀನು ಇರಬೇಕು," ಅಂದೆ.

"ಊ ಕೊಟ್ಟುಬುಟ್ಟ," ಅಂದಳು ಅವ್ವ. ಬಗ್ಗಿ ಹೊಳೆಯ ನೀರಿನಿಂದ ಮುಖ ತೊಳೆದುಕೊಂಡಳು. ಆಮೇಲೆ ಮೆಟ್ಟಿಲ ಮೇಲೆ ಕೂತು, ಇಷ್ಟು ವರ್ಷ ಅಳದೆ ಇಟ್ಟುಕೊಂಡಿದ್ದನ್ನೆಲ್ಲ ಅತ್ತಳು. ನಾನೂ ಪಕ್ಕದಲ್ಲಿ ಕೂತು ಅತ್ತೆ.

ಮರುದಿನ ಅಪ್ಪ ರಾವಂದೂರಿನಿಂದ ಮೀನು ತಂದರು. ತಮ್ಮ ಹೋದ ಮೇಲೆ ನಮ್ಮ ಮನೆಯಲ್ಲಿ ಮೀನು ಬೆಂದಿರಲಿಲ್ಲ. ಅವ್ವ ಹುಣಸೆಹುಳಿ ಹಿಂಡಿ, ಅವನಿಗೆ ಬೇಕಾದಷ್ಟು ಖಾರ ಹಾಕಿ ಸಾರು ಮಾಡಿದಳು, ಮುದ್ದೆ ಕಟ್ಟಿದಳು. ಎಲೆಯ ಪಕ್ಕದಲ್ಲಿ ಹೊಸ ಪಂಚೆ, ಶರ್ಟು, ಅದರ ಮೇಲೆ ಮಡಿಸಿದ ಮಂಕಿ ಟೋಪಿ. ದೀಪ ಹಚ್ಚಿ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಜಗಲಿಯ ಮೇಲೆ ಮೂವರೂ ಕೂತೆವು. ಒಳಗಿನವರಿಗೆ ತಿಳಿಯಲಿ ಎಂದು ಅಪ್ಪ ಕೆಮ್ಮಿ, ಬಾಗಿಲು ತೆರೆದಾಗ ಎಲೆ ಹಾಗೇ ಇತ್ತು, ಎಲ್ಲರ ಮನೆಯಲ್ಲೂ ಇರುವ ಹಾಗೆ. ಅದನ್ನು ಕಂಡು ನನಗೆ ಎಷ್ಟು ನೆಮ್ಮದಿಯಾಯಿತೆಂದರೆ ನಗು ಬಂತು.

ಸಂಜೆ ನಾನು ನಡುಮನೆಯಲ್ಲಿ ಪ್ರವಾಸಕ್ಕೆ ಚೀಲ ತುಂಬುತ್ತಿದ್ದೆ. ರಾಡನ್ನು ಬಟ್ಟೆಯಲ್ಲಿ ಸುತ್ತಿ, ಗೆಳತಿ ಕೊಟ್ಟ ಕೊಕ್ಕೆಗಳ ಡಬ್ಬಿಯನ್ನು ಸ್ವೆಟರಿನ ನಡುವೆ ಇಟ್ಟೆ. ಅವ್ವ ದೇವರ ಮುಂದೆ ದೀಪ ಹಚ್ಚಿ ಬಂದು ಗೋಡೆಗೆ ಒರಗಿ ಕೂತಳು.

"ಇತ್ತಿಲ್ ಬಾಗ್ಲು ಅಗುಳಿ ಆಕ್ಬುಡವ್ವ," ಅಂದಳು.

ಎದ್ದು ಹೋದೆ. ಅಷ್ಟು ವರ್ಷ ಸರಿಯದಿದ್ದ ಅಗುಳಿ ತುಕ್ಕು ಹಿಡಿದಿತ್ತು. ಎರಡೂ ಕೈಯಲ್ಲಿ ನೂಕಿ ಹಾಕಿದೆ. ಕೈ ತೆಗೆಯುವ ಮೊದಲೇ ಬಾಗಿಲ ಆಚೆ ಚೊಂಬು ತೊಟ್ಟಿಯಲ್ಲಿ ಮುಳುಗಿತು. ನೀರು ಬಿತ್ತು. ಒಂದು ಪಾದ ಇನ್ನೊಂದನ್ನು ಉಜ್ಜಿತು.

ತಿರುಗಿ ಅವ್ವನನ್ನು ನೋಡಿದೆ. ಅವಳು ಏಳಲಿಲ್ಲ. ಎರಡು ಕೈಯನ್ನೂ ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಉಂಡಾಯ್ತಲ್ಲ ಮಗ," ಅಂದಳು, ಬಾಗಿಲಿಗೆ ಕೇಳಿಸುವಷ್ಟು ಗಟ್ಟಿಯಾಗಿ. "ಇನ್ ಓಗು."

ಹೊರಗೆ ಸದ್ದು ನಿಂತಿತು. ನಾನು ಅಗುಳಿಯ ಮೇಲಿನ ಕೈ ತೆಗೆಯಲಿಲ್ಲ.