ಒಳಮಗ್ಗುಲು ಹೊರಗೆ

ನಮ್ಮ ಚಿಕ್ಕಮ್ಮ ಹೊಲಿದ ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿಯೇ ಗಿರಾಕಿಯ ಕೈಗೆ ಕೊಡುತ್ತಾಳೆ. "ಮೊದಲು ಹೊಲಿಗೆ ನೋಡಿ, ಚಂದ ಆಮೇಲೆ ನೋಡುವಿರಂತೆ" ಎನ್ನುವುದು ಅವಳ ವರಸೆ. ಅವಸರದವರು ಗೊಣಗುತ್ತಾರೆ. ಗೊಣಗಲಿ, ಅವಳೇನು ಜಗ್ಗುವ ಹೆಂಗಸಲ್ಲ.

ಹೊಲಿಗೆ ಮಿಷನ್‌ಗಳ ಬಗ್ಗೆ ವೆಬ್‌ಸೈಟ್ ಶುರುಮಾಡಿದಾಗಲೂ ಅವಳ ಬರವಣಿಗೆ ಹಾಗೇ ಇತ್ತು. ಯಾವುದು ದಪ್ಪ ಬಟ್ಟೆಗೆ ಮುಗ್ಗರಿಸುತ್ತದೆ, ಯಾವುದು ದಾರ ತುಂಡರಿಸುತ್ತದೆ, ಎಲ್ಲ ಮುಲಾಜಿಲ್ಲದೆ ಬರೆಯುತ್ತಿದ್ದಳು. ವೆಬ್‌ಸೈಟಿನ ಉಸ್ತುವಾರಿ ಚಿಕ್ಕಪ್ಪನದು. ಅವಳು ಮೆಚ್ಚಿದ ಮಿಷನ್ ಕೆಳಗೆ ಅವನು ಆನ್‌ಲೈನ್ ಅಂಗಡಿಯ ಲಿಂಕ್ ಹಾಕುತ್ತಿದ್ದ. ಅದನ್ನು ಒತ್ತಿ ಯಾರಾದರೂ ಕೊಂಡರೆ ಇವರಿಗೆ ಕಮಿಷನ್. ಕಮಿಷನ್ನಿನ ಗುರುತು ಕಂಡರೆ ಜನ ಹಿಂಜರಿಯುತ್ತಾರೆಂದು ಲಿಂಕಿಗೆ ಮುಸುಕು ಹಾಕಿದ. ನೋಡುವವರಿಗೆ ತಮ್ಮದೇ ವೆಬ್‌ಸೈಟಿನ ಪುಟ್ಟ ವಿಳಾಸ, ಒತ್ತಿದರೆ ಸದ್ದಿಲ್ಲದೆ ಅಂಗಡಿಗೆ. ಚಿಕ್ಕಮ್ಮನಿಗೂ ಹೇಳಲಿಲ್ಲ. ತಾನು ಭಾರಿ ಜಾಣನೆಂದು ಒಳಗೊಳಗೇ ಬೀಗುತ್ತಿದ್ದ.

ಒಂದು ಮಧ್ಯಾಹ್ನ ನಮ್ಮಮ್ಮ ಹೊಸ ಮಿಷನ್ ಹೊತ್ತು ತಂಗಿಯ ಹೊಲಿಗೆ ಅಂಗಡಿಗೆ ನುಗ್ಗಿದಳು. ಹಿಂದೆ ನಾನು.

"ಏನೇ ಇದು? ನಿನ್ನ ಮಾತು ನಂಬಿ ತರಿಸಿದ್ರೆ, ಎರಡು ಪದರ ಬಟ್ಟೆಗೇ ಏದುಸಿರು ಬಿಡ್ತಿದೆ!"

ಚಿಕ್ಕಮ್ಮ ಬಗ್ಗಿ ಮಿಷನ್ನಿನ ಹೆಸರು ಓದಿದಳು. ಅವಳು 'ಬೇಡವೇ ಬೇಡ' ಎಂದು ಬರೆದಿದ್ದ ಮಿಷನ್ ಅದು! ಚಿಕ್ಕಮ್ಮ ಮೆಚ್ಚಿದ್ದ ಮಿಷನ್ನಿನದೂ ಇದರದೂ ಬಣ್ಣ ಒಂದೇ ಇದ್ದದ್ದರಿಂದ ಅಮ್ಮ ಹೆಸರು ನೋಡುವ ಗೋಜಿಗೆ ಹೋಗಿರಲಿಲ್ಲ; ತಂಗಿ ಹೇಳಿದ್ದಾಳಲ್ಲ, ಸಾಕು.

ಚಿಕ್ಕಪ್ಪನನ್ನು ಕರೆಸಿದಾಗ ಗುಟ್ಟು ರಟ್ಟಾಯಿತು. ಒಳ್ಳೆಯ ಮಿಷನ್ ಅಂಗಡಿಯಲ್ಲಿ ಖಾಲಿಯಾದಾಗ, ಬರುವ ಕಮಿಷನ್ ಯಾಕೆ ಬಿಡಬೇಕೆಂದು ಮುಸುಕಿನೊಳಗಿನ ದಾರಿಯನ್ನು ಇದರತ್ತ ತಿರುಗಿಸಿದ್ದನಂತೆ. ಹೆಂಡತಿ ಬರೆದದ್ದನ್ನು ಓದಿಯೂ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಚಿಕ್ಕಮ್ಮನ ಹತ್ತಿರ ಇದ್ದದ್ದೇ ಅವಳ ಮಾತಿನ ಬೆಲೆ, ಅದಕ್ಕೇ ಕೈ ಹಾಕಿದ್ದ ಮಹಾರಾಯ.

"ನೀನೂ ಕಾಣದ ಹಾಗೆ ಹೊಲಿಗೆ ಹಾಕ್ತೀಯಲ್ಲ?" ಎಂದ, ಸೋಲೊಪ್ಪದೆ.

"ಹಾಕ್ತೀನಿ. ತಿರುಗಿಸಿ ಕೈಗೂ ಕೊಡ್ತೀನಿ. ನೀವು ಕೊಟ್ರಾ?"

ಅಲ್ಲೇ ಕೂರಿಸಿ ಒಂದೊಂದೇ ಲಿಂಕಿನ ಮುಸುಕು ತೆಗೆಸಿದಳು. ಪುಟದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದಳು: "ಇಲ್ಲಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ. ಹಳೆಯ ಮಿಷನ್ ರಿಪೇರಿಯಾಗುವುದಾದರೆ ಕೊಳ್ಳಲೇಬೇಡಿ. ತಪ್ಪು ಮಿಷನ್ ಬಂದವರು ತಿಳಿಸಿ, ವಾಪಸ್ ಮಾಡಿಸುವುದು ನನ್ನ ಹೊಣೆ."

"ಇನ್ನು ಯಾರು ಒತ್ತುತ್ತಾರೆ ಹೇಳು?" ಚಿಕ್ಕಪ್ಪ ತಲೆಮೇಲೆ ಕೈ ಹೊತ್ತು ಕೂತ.

ಅಷ್ಟರಲ್ಲಿ ಅಮ್ಮ ಕನ್ನಡಕ ಏರಿಸಿ ಫೋನಿನಲ್ಲಿ ಅದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು. ಒಳ್ಳೆಯ ಮಿಷನ್ ಬೇರೊಂದು ಅಂಗಡಿಯಲ್ಲಿ ಸಿಕ್ಕಿತ್ತು. ಅದರ ಲಿಂಕ್ ಈಗ ಬೆತ್ತಲೆಯಾಗಿ ಕೆಳಗಿತ್ತು.

"ಇದನ್ನ ಒತ್ತಿದ್ರೆ ನಿನಗೆ ಕಮಿಷನ್ ಬರುತ್ತಾ?"

"ಬರುತ್ತೆ ಅಕ್ಕಾ."

"ಬರಲಿ ಬಿಡು. ನನ್ನ ತಂಗಿಗೆ ಬಂದ್ರೆ ನನಗೇನು ಹೊಟ್ಟೆಯುರಿಯಾ? ಹೇಳಿದ್ದಿದ್ರೆ ಆಗ್ಲೂ ಒತ್ತುತ್ತಿದ್ದೆ."

ಹಾಗೆಂದವಳು, ಚಿಕ್ಕಪ್ಪನಿಗೆ ಕಾಣುವಂತೆ ಫೋನನ್ನು ಅವನತ್ತ ತಿರುಗಿಸಿ, ಒತ್ತಿದಳು.