ಲ್ಯಾಪ್‌ಟಾಪ್ ಯಾರಿಗೆ?

ಗೆಳೆಯರೇ, ಇವತ್ತು ಕನಕಪುರದ ಕಂಪ್ಯೂಟರ್ ಅಂಗಡಿಯಲ್ಲಿ ನಮ್ಮ ಅತ್ತೆಯನ್ನು ನೀವು ನೋಡಬೇಕಿತ್ತು!

ಸಾತನೂರಿನ ಮನೆಯಲ್ಲೇ ಕೂತು ಕೋಡ್ ಬರೆಯುವವಳು ನಾನು. ನನ್ನ ಹಳೆಯ ಲ್ಯಾಪ್‌ಟಾಪ್ ಆನ್ ಆಗುವಷ್ಟರಲ್ಲಿ ಅತ್ತೆ ಎರಡು ಹಸುಗಳ ಹಾಲು ಕರೆದು ಬರುತ್ತಿದ್ದರು. ಸೋಮವಾರ ಹೊಸ ಪ್ರಾಜೆಕ್ಟ್ ಶುರುವಾಗುವುದರಿಂದ ಮನೆಯ ಮೂವರೂ ಅಂಗಡಿಗೆ ಹೋದೆವು.

"ಮೂವತ್ತೆರಡು ಜಿಬಿ ರ‍್ಯಾಮ್ ಇರೋದು ತೋರ್ಸಿ" ಎಂದೆ. ಅಂಗಡಿಯವನು ರೇಷ್ಮೆ ಬೆಳೆಯುವ ನನ್ನ ಗಂಡನತ್ತ ತಿರುಗಿ, "ಸಾರ್, ಮೇಡಂಗೆ ಈ ಪಿಂಕ್ ಕಲರ್ ಒಪ್ತದೆ, ಹಗುರಾಗೂ ಐತೆ" ಎಂದ. ಮತ್ತೆ ಕೇಳಿದೆ. ಮತ್ತೆ ಉತ್ತರ ಅವರಿಗೇ. ಅವರು ಪಾಪ, ಸುಮ್ಮನೆ ತಲೆಯಾಡಿಸುತ್ತಿದ್ದರು.

ಅತ್ತೆ ಸ್ಟೂಲಿನಿಂದ ಎದ್ದರು. "ಏನಪ್ಪಾ, ಅವ್ನನ್ನ ಹಿಪ್ನೇರಳೆ ಸೊಪ್ಪಿನ ಇಚಾರ ಕೇಳು, ಚೆಂದಾಗಿ ಯೋಳ್ತಾನೆ. ಕಂಪ್ಯೂಟ್ರು ಇಚಾರ ನನ್ ಸೊಸೆನ ಕೇಳು!"

ಅಂಗಡಿಯವನು ನಾಚಿ ನಕ್ಕು, ಒಳಗಿನಿಂದ ಕಪ್ಪು ಬಣ್ಣದ್ದೊಂದು ತಂದ. ಹತ್ತಾರು ಪ್ರೋಗ್ರಾಂ ಒಟ್ಟಿಗೆ ತೆರೆದೆ. ಅದು ಒಂದು ಕ್ಷಣವೂ ತಡವರಿಸಲಿಲ್ಲ. ನಾನು ಅಲ್ಲೇ ಕುಣಿಯುವುದೊಂದು ಬಾಕಿ!

ವಾಪಸ್ ಬರುವಾಗ ಗಂಡನ ತೊಡೆಯ ಮೇಲಿದ್ದ ಡಬ್ಬ ನೋಡಿ ಬಸ್ ಕಂಡಕ್ಟರ್, "ಮಗಂಗೆ ಲ್ಯಾಪ್‌ಟಾಪಾ ಅಮ್ಮಾ?" ಎಂದರು.

"ಸೊಸೆಗೆ ಕಣಪ್ಪ" ಎಂದರು ಅತ್ತೆ. "ಮಗ ಹೊತ್ಕೊಂಡ್ ಬರಕ್ಕೆ ಬಂದವ್ನೆ."