ಗಂಟಿನೊಳಗೆ ಬಡಿದದ್ದು

ನಮ್ಮವರ ಬಲದವಡೆಯ ಕೆಳಗೆ ಗಂಟೊಂದು ಎದ್ದಿತು. ನೆಲ್ಲಿಕಾಯಿಯಷ್ಟಿತ್ತು. ನೋವಿರಲಿಲ್ಲ. ಟಿ.ಬಿ. ಗಂಟಿರಬಹುದು, ಗೋಕಾಕದಲ್ಲಿ ಸ್ಕ್ಯಾನ್ ಮಾಡಿಸಿ ಎಂದರು ಮೂಡಲಗಿಯ ಡಾಕ್ಟರು. ಕಬ್ಬು ಕಡಿಯುವ ಗಡಿಬಿಡಿಯಲ್ಲಿ ನಾವು ಹೋಗಲೇ ಇಲ್ಲ.

ಭಾವ, ಅಂದರೆ ಇವರ ಅಣ್ಣ, ನಮ್ಮೂರು ಮಸಗುಪ್ಪಿಯ ಎತ್ತುಗಳಿಗೆಲ್ಲ ಡಾಕ್ಟರು. ನೊಗ ಉಜ್ಜಿ ಎತ್ತಿನ ಕುತ್ತಿಗೆ ಬಾತರೆ ಕುಡುಗೋಲಿನ ತುದಿ ಕಾಯಿಸಿ ಚುಚ್ಚಿ ಕೀವು ತೆಗೆಯುತ್ತಾರೆ. ಹನ್ನೊಂದು ವರ್ಷ ಅವರೆದುರು ನಾನು ತಲೆಯ ಸೆರಗು ಸರಿಸಿದವಳಲ್ಲ, ದನಿ ಎತ್ತಿದವಳೂ ಅಲ್ಲ.

ಅಂದು ಮುಂಜಾನೆ ನನ್ನ ಒಲೆಯಲ್ಲೇ ಕುಡುಗೋಲು ಕೆಂಪಗಾಗಿತ್ತು.

"ಹಣ್ಣಾಗೈತೇನ ನೋಡ್ತೀನಿ, ತಡಿ," ಎಂದು ಭಾವ ತಮ್ಮನ ಗಂಟನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದರು.

ಇವರ ಕಣ್ಣು ಮೇಲಾದವು. ಕೂತಲ್ಲೇ ಉರುಳಿದರು.

ಸೆರಗು ಜಾರಿದ್ದೂ ತಿಳಿಯದೆ ಓಡಿಹೋಗಿ ಇವರ ಕುತ್ತಿಗೆ ಹಿಡಿದೆ. ಗಂಟು ನನ್ನ ಅಂಗೈಗೆ ಬಡಿಯುತ್ತಿತ್ತು. ಕೀವು ಎಲ್ಲಾದರೂ ಬಡಿಯುತ್ತದೆಯೇ?

"ಬ್ಯಾಡ್ರಿ ಭಾವಾರ! ಒಳಗ ಜೀವ ಬಡಿಯಾಕತ್ತೈತಿ!"

"ಬಾಜೂಕ ಸರಿ. ಈಗ ಚುಚ್ಚಿದ್ರ ಅವಗ ನೋವ ಗೊತ್ತಾಗೂದಿಲ್ಲ." ಭಾವ ಒಲೆಯಿಂದ ಕುಡುಗೋಲು ಎಳೆದುಕೊಂಡರು.

ಕಟ್ಟಿಗೆ ಎತ್ತಿ ಅವರ ಮಣಿಕಟ್ಟಿಗೆ ಹೊಡೆದೆ. ಎಲುಬು ಮುರಿದದ್ದು ಕೇಳಿಸಿತು. ಕುಡುಗೋಲು ಕೈಬಿಟ್ಟು ಬಿತ್ತು. ಆಮೇಲೂ ಹೊಡೆದೆ. ಆ ಎರಡನೆಯ ಏಟು ಬರೀ ಸಿಟ್ಟಿನದು, ಅದನ್ನು ಮುಚ್ಚಿಡುವುದಿಲ್ಲ.

ಅಣ್ಣತಮ್ಮ ಇಬ್ಬರನ್ನೂ ಒಂದೇ ಗಾಡಿಯಲ್ಲಿ ಗೋಕಾಕಕ್ಕೆ ಒಯ್ದೆವು. ಕೈಗೇನಾಯಿತೆಂದು ಕೇಳಿದ ನರ್ಸಿಗೆ ಭಾವ, "ಎತ್ತು ಹಾಯ್ತ್ರಿ," ಎಂದರು.

ಸ್ಕ್ಯಾನ್ ಡಾಕ್ಟರು ಪರದೆಯ ಮೇಲೆ ಬೆರಳಿಟ್ಟರು. "ಕ್ಯಾರೊಟಿಡ್ ಬಾಡಿ ಟ್ಯೂಮರ್. ತಲಿಗೆ ರಕ್ತ ಒಯ್ಯೂ ನಾಳ ಇಲ್ಲಿ ಎರಡಾಗ್ತೈತಿ. ಗಡ್ಡಿ ಆ ಕವಲಿನಾಗ ಕುಂತು ಎರಡನ್ನೂ ಅಗಲ ಮಾಡೈತಿ. ಅದನ್ನ ಒತ್ತಿದ್ದಕ್ಕ ಎಚ್ಚರ ತಪ್ಪೈತಿ. ನರದ ಗಡ್ಡಿ ಆಗಿದ್ರ ಎರಡನ್ನೂ ಕೂಡೇ ಒಂದ ಕಡೆ ದೂಡ್ತಿತ್ತು. ಟಿ.ಬಿ. ಗಂಟಿನಾಗ ಇಷ್ಟ ರಕ್ತ ಇರೂದಿಲ್ಲ."

ಹೊರಗಿನಿಂದ ಈ ಮೂರು ಗಂಟೂ ಒಂದೇ ಥರ.

"ಚುಚ್ಚಿದ್ರ?" ಭಾವ ಕೇಳಿದರು.

"ಅಲ್ಲೇ ಮುಗೀತಿತ್ತು."

ಭಾವ ಮುರಿದ ಕೈಯಿಂದಲೇ ಹಣೆ ಚಚ್ಚಿಕೊಂಡರು. ಹಿಡಿಯಲು ಇಬ್ಬರು ಬೇಕಾಯಿತು.

ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಗಂಟು ಹೋಯಿತು. ನರಕ್ಕೆ ಪೆಟ್ಟಾಗಿ ಇವರ ದನಿಯೂ ಅರ್ಧ ಹೋಯಿತು. ಈಗ ಇವರು ಕರೆದರೆ ಎತ್ತುಗಳು ತಿರುಗಿ ನೋಡುವುದಿಲ್ಲ. ಹೊಲದಲ್ಲಿ ಭಾವನೇ ಕೂಗಬೇಕು.

ನಾನು ಮತ್ತೆ ಸೆರಗು ಹೊದ್ದಿದ್ದೇನೆ. ಭಾವನ ಮಣಿಕಟ್ಟು ವಾರೆಯಾಗಿಯೇ ಕೂಡಿಕೊಂಡಿದೆ. ಮೊನ್ನೆ ಆ ಕೈಗೆ ರೊಟ್ಟಿ ಕೊಡುವಾಗ, ತಪ್ಪಾಯಿತೆನ್ನಲು ಬಾಯಿ ತೆರೆದೆ.

"ಸುಮ್ನಿರವಾ," ಎಂದರು. "ಎತ್ತು ಹಾಯ್ದಿದ್ದಕ್ಕ ನನ್ನ ತಮ್ಮ ಉಳದಾನ."

ಒಳಗಿನಿಂದ ಇವರು ಆ ಅರ್ಧ ದನಿಯಲ್ಲಿ ನೀರು ಕೇಳಿದರು. ನಮ್ಮಿಬ್ಬರಿಗೂ ಒಂದೇ ಸಲಕ್ಕೆ ಕೇಳಿಸಿತು.